ಕಪಿಲೆಯ ದಂಡೆಯಿಂದ ಈಜುಕೊಳಕ್ಕೆ

ನಂಜನಗೂಡನ್ನು ನೋಡದ ವಾಚಕರು ನಮ್ಮ ಸೀಮೆಯಲ್ಲಿ ಕಡಮೆ. ಮೈಸೂರಿಗೆ ದಕ್ಷಿಣದಲ್ಲಿ ಸುಮಾರು 25 ಕಿಲೋಮೀಟರು ದೂರದಲ್ಲಿ, ಕಪಿಲೆಯೂ ಕೌಂಡಿನ್ಯೆಯೂ ಕೂಡುವ ಎಡೆಯಲ್ಲಿರುವ ಈ ಊರು ಬಹುಕಾಲದಿಂದ ದೇವರ ಊರೂ ಹೌದು, ರೋಗಿಗಳ ಊರೂ ಹೌದು. ಹಾಲಾಹಲವನ್ನೇ ಕಂಠದಲ್ಲಿ ತಡೆದ ಸ್ವಾಮಿಗೆ ಮನುಷ್ಯರ ವ್ಯಾಧಿಗಳು ಎಷ್ಟರವು ಎಂಬುದು ಜನರ ನಂಬಿಕೆ. ಟಿಪ್ಪು ಸುಲ್ತಾನನ ಆನೆಗೆ ಹೋದ ಕಣ್ಣು ಇಲ್ಲಿಯ ಸೇವೆಯಿಂದ ಬಂದಿತೆಂದೂ, ಅಂದಿನಿಂದ ಸುಲ್ತಾನನು ಶ್ರೀಕಂಠೇಶ್ವರನನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಐತಿಹ್ಯವುಂಟು. ಹಕೀಮನಿರುವ ಊರಿಗೆ ರೋಗಿಗಳು ಬಾರದಿರುವರೆ? ಹುಣ್ಣಿಮೆ ಅಮಾವಾಸ್ಯೆಗಳಲ್ಲಿಯೂ ಸೋಮವಾರಗಳಲ್ಲಿಯೂ ಸ್ನಾನಘಟ್ಟದ ಮೆಟ್ಟಿಲುಗಳ ಮೇಲೆ ನಿಂತು ನೋಡಿದರೆ, ಮುಡಿ ಕೊಡುವವರು, ಒದ್ದೆ ಬಟ್ಟೆಯಲ್ಲಿ ಉರುಳುಸೇವೆಗೆ ಹೊರಡುವವರು, ಇವರ ನಡುವೆ ನಡೆಯಲಾರದ, ನುಡಿಯಲಾರದ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ನೀರಿಗಿಳಿಯುವ ತಾಯಂದಿರು ಕಣ್ಣಿಗೆ ಬೀಳುವರು. ಒಂದು ಮಂಡಲ ಕಾಲ, ಎಂದರೆ ನಲವತ್ತೆಂಟು ದಿನ, ದಿನವೂ ಮೂರು ಮುಳುಗು ಹಾಕಿಸುವವರುಂಟು. ಮಗುವು ಚೀರುವುದು, ತಾಯಿ ಕಣ್ಣು ಮುಚ್ಚಿ ಮುಳುಗಿಸುವಳು.

ಊರಿನ ಗಂಡುಮಕ್ಕಳಿಗೆ ಇದೇ ನದಿಯು ಈಜಿನ ಪಾಠಶಾಲೆ. ಒಣಗಿದ ಸೋರೆಯ ಬುರುಡೆಗಳೆರಡನ್ನು ಹಗ್ಗದಿಂದ ಬಿಗಿದು ಬೆನ್ನಿಗೆ ಕಟ್ಟಿಕೊಳ್ಳುವುದು ಹಿಂದಿನ ಕ್ರಮ. ಈಜುಬುರುಡೆ ಎಂದು ಅದಕ್ಕೆ ಹೆಸರು. ಸಂಸ್ಕೃತದಲ್ಲಿ ಅಲಾಬು ಎನ್ನುವರು. ಬುರುಡೆ ಸಿಕ್ಕದವರು ಬಾಳೆಯ ದಿಂಡನ್ನು ಅಪ್ಪಿಕೊಳ್ಳುತ್ತಿದ್ದರು. ನಾವು ಹುಡುಗರಾಗಿದ್ದಾಗ ಲಾರಿಯ ಟ್ಯೂಬು ಬಂದಿತ್ತು. ಅದನ್ನು ಬಾಡಿಗೆಗೆ ಕೊಡುವ ಧೀರನೊಬ್ಬನು ನಮ್ಮ ತರಗತಿಯಲ್ಲಿಯೇ ಇದ್ದನು. ಹದಿನಾರು ಕಾಲಿನ ಮಂಟಪದಿಂದ ಧುಮುಕಿ ಮೇಲೆದ್ದು ಬಂದವನಿಗೆ ಆ ಶಾಲೆಯಲ್ಲಿ ಉತ್ತೀರ್ಣನೆಂಬ ಬಿರುದು. ಬೀಚನಹಳ್ಳಿಯ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ಅದೇ ಮಂಟಪವು ಮುಳುಗುವುದು. ಆಗ ಊರೆಲ್ಲ ದಂಡೆಗೆ ಬಂದು ನಿಂತು ನೋಡುವುದು.

ನದಿಗೆ ಎರಡು ಬೀದಿಗಳ ಈಚೆ ನಮ್ಮ ನೆರೆಮನೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿರುವಳು. ಮನೆಯವರು ಪುಟ್ಟಿ ಎನ್ನುವರು. ನಾವೂ ಹಾಗೆಯೇ ಕರೆಯೋಣ. ಆಟಿಸಂ ಎಂದು ವೈದ್ಯರು ಹೇಳಿರುವ ಸ್ಥಿತಿ ಅವಳದು. ಮಾತುಗಳು ಹತ್ತು ಹನ್ನೆರಡಕ್ಕಿಂತ ಹೆಚ್ಚಿಲ್ಲ. ಅವುಗಳಲ್ಲಿ ‘ನೀರು’ ಒಂದು. ಕುಕ್ಕರಿನ ಕೂಗನ್ನು ಕೇಳಿದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಸೇರುವ ಈ ಮಗುವು ನದಿಯ ಸದ್ದನ್ನು ಮಾತ್ರ ಎಷ್ಟು ಹೊತ್ತಾದರೂ ಕೇಳುತ್ತ ನಿಲ್ಲುವಳು. ತಾಯಿಯು ಹೊಲಿಗೆಯ ಕೆಲಸ ಮಾಡುವವಳು. ತಂದೆಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಒಂದೇ ವರ್ಷದಲ್ಲಿ ಮೂರು ಬಾರಿ ಪುಟ್ಟಿಯು ಮನೆಯಿಂದ ಕಣ್ಮರೆಯಾದಳು. ಮೂರು ಬಾರಿಯೂ ಸ್ನಾನಘಟ್ಟದಲ್ಲಿಯೇ ಸಿಕ್ಕಿದಳು. ಮೂರನೆಯ ಬಾರಿ, ಆಷಾಢದ ಹೊಸ ನೀರು ಕೆಂಪಗೆ ಏರುತ್ತಿದ್ದಾಗ, ಸೊಂಟದವರೆಗಿನ ನೀರಿನಲ್ಲಿ ನಿಂತು ನಗುತ್ತಿದ್ದಳಂತೆ. ಹೂವು ಮಾರುವ ಹೆಂಗಸೊಬ್ಬಳು ಕೈಹಿಡಿದು ಎಳೆದು ತಂದಳು. ಅಂದಿನಿಂದ ಅವರ ಬಾಗಿಲಿಗೆ ಆಳೆತ್ತರದಲ್ಲಿ ಎರಡನೆಯ ಚಿಲಕವೊಂದು ಬಂದಿತು.

‘ಇವಳಿಗೆ ನೀರೆಂದರೆ ಭಯವೇ ಇಲ್ಲ, ಮೇಷ್ಟ್ರೆ. ಅದೇ ನಮಗೆ ಭಯ’ ಎಂದು ಆ ತಾಯಿಯು ನಮ್ಮ ಜಗಲಿಯಲ್ಲಿ ಕುಳಿತು ಹೇಳಿದ ಮಾತು.

ಆಕೆಯ ಭಯವು ನಿರಾಧಾರವಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಅನೇಕರು ಮನೆಯವರ ಕಣ್ಣು ತಪ್ಪಿಸಿ ಹೊರಟುಬಿಡುವರೆಂದೂ, ಹಾಗೆ ಹೊರಟವರಲ್ಲಿ ಹಲವರನ್ನು ಕೆರೆ ಬಾವಿ ಹೊಳೆಗಳೇ ಸೆಳೆಯುವುವೆಂದೂ, ತಪ್ಪಿಸಿಕೊಂಡ ಇಂಥ ಮಕ್ಕಳ ಮರಣಕ್ಕೆ ನೀರೇ ಮುಖ್ಯ ಕಾರಣವೆಂದೂ ಈ ವಿಷಯವನ್ನು ಪರಿಶೀಲಿಸಿದ ವೈದ್ಯರು ಬರೆದಿರುತ್ತಾರೆ. ಚಿಲಕವು ಒಳ್ಳೆಯದೆ, ಆದರೆ ಮಗುವು ಬೆಳೆಯುವುದು, ಚಿಲಕವು ಇದ್ದಲ್ಲಿಯೇ ಇರುವುದು. ಆದುದರಿಂದ ಮೈಸೂರಿನ ಈಜುಕೊಳವೊಂದರಲ್ಲಿ ಭಾನುವಾರಗಳಲ್ಲಿ ಇಂಥ ಮಕ್ಕಳಿಗೆ ಈಜು ಕಲಿಸುವರೆಂಬ ಸುದ್ದಿಯು ಬಂದಾಗ ಆ ತಾಯಿಯು ಹೊರಟಳು. ಅಲ್ಲಿ ಸಹಾಯಕ್ಕೆ ಜನ ಬೇಕೆಂದೂ, ನೀರಿನ ಅಭ್ಯಾಸವಿದ್ದರೆ ಸಾಕು, ವಯಸ್ಸು ಅಡ್ಡಿಯಲ್ಲವೆಂದೂ ಕೇಳಿ ನಾವೂ ಜೊತೆಗೆ ಹೊರಟೆವು.

ನಂಜನಗೂಡಿನಿಂದ ಮೈಸೂರಿಗೆ ಬಸ್ಸುಗಳು ಹೇರಳವಾಗಿವೆ. ಆದರೂ ಪುಟ್ಟಿಗೆ ರೈಲೇ ಆಗಬೇಕು. ಬಸ್ಸಿನ ಹಾರನ್ನು ಅವಳಿಗೆ ಸಹಿಸದು. ರೈಲಿನ ಒಂದೇ ಸಮನಾದ ತಾಳವು ಹಿತ. ಊರು ಬಿಟ್ಟೊಡನೆ ಸೇತುವೆಯ ಕೆಳಗೆ ಕಪಿಲೆ. ಆ ಅರ್ಧ ನಿಮಿಷ ತಾಯಿಯ ಕೈಯು ಮಗಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುವುದನ್ನು ನಾವು ಪ್ರತಿ ಸಲವೂ ಕಂಡಿದ್ದೇವೆ. ಅನಂತರ ಬಯಲು, ತೆಂಗಿನ ತೋಟಗಳು, ಕಡಕೊಳದ ನಿಲ್ದಾಣ. ಬಲಗಡೆ ಚಾಮುಂಡಿಬೆಟ್ಟವು ನಿಧಾನವಾಗಿ ಮಗ್ಗುಲು ಬದಲಿಸುತ್ತ ಜೊತೆಯಲ್ಲಿ ಬರುವುದು. ಒಂದು ಗಂಟೆಯೊಳಗೆ ಚಾಮರಾಜಪುರಂ ನಿಲ್ದಾಣ. ಅಲ್ಲಿಂದ ಕೊಳಕ್ಕೆ ನಡೆದೇ ಹೋಗಬಹುದು.

ಕೊಳದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಯ ಶಿಕ್ಷಕಿಯವರ ಅಪೇಕ್ಷೆಯೂ ಅದೇ. ಎಲ್ಲ ಕೊಳಗಳಂತೆ ಅದೂ ಒಂದು ಕೊಳ: ನೀಲಿಯ ಹೆಂಚು, ಕ್ಲೋರಿನ್ನಿನ ವಾಸನೆ, ಸುತ್ತ ಅಶೋಕದ ಮರಗಳು, ಮರಗಳಾಚೆ ರಸ್ತೆಯ ಗದ್ದಲ. ನೀರನ್ನು ಕಾಯಿಸುವ ಏರ್ಪಾಡಿಲ್ಲ. ಕೈಕಾಲು ಸೆಟೆಯುವ ಮಕ್ಕಳಿಗೆ 32, 33 ಡಿಗ್ರಿಯಷ್ಟು ಬೆಚ್ಚಗಿನ ನೀರಿದ್ದರೆ ಒಳ್ಳೆಯದು. ತಣ್ಣೀರಿನಲ್ಲಿ ಸ್ನಾಯುಗಳು ಇನ್ನಷ್ಟು ಬಿಗಿಯುವುವು. ಆದುದರಿಂದ ಇಲ್ಲಿಯ ಪಾಠವು ಮಾರ್ಚಿಯಿಂದ ಮೇ ಕೊನೆಯವರೆಗೆ ಮಾತ್ರ, ಅದೂ ಬಿಸಿಲೇರಿದ ಮೇಲೆ, ಹತ್ತರಿಂದ ಹನ್ನೊಂದು. ನೀರಿಗಿಳಿಯಲು ಕಬ್ಬಿಣದ ಏಣಿಯೊಂದೇ ದಾರಿ. ಇಳಿಜಾರಿನ ಹಾದಿಯಿಲ್ಲ. ಚಕ್ರದ ಕುರ್ಚಿಯಲ್ಲಿ ಬರುವ ಮಗುವನ್ನು ದಂಡೆಯ ಮೇಲಿನಿಂದ ಇಬ್ಬರು ಇಳಿಸಬೇಕು, ಕೆಳಗಿನಿಂದ ಇಬ್ಬರು ಎತ್ತಿಕೊಳ್ಳಬೇಕು. 2016ರ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಎಣಿಸಿ, ಅವುಳ್ಳವರು ಕ್ರೀಡೆಗಳಲ್ಲಿ ಪಾಲುಗೊಳ್ಳಲು ಅನುಕೂಲ ಕಲ್ಪಿಸತಕ್ಕದ್ದೆಂದು ವಿಧಿಸಿದೆ. ಏಣಿಯು ಅದಕ್ಕಿಂತ ಹಳೆಯದು.

ಆ ಕಾಯಿದೆಯ ನೆನಪಿನೊಡನೆ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ನಮ್ಮ ಹಳೆಯ ಕಸುಬು ಬಿಡದು. ಸರ್ಕಾರದ ಕಾಗದಗಳಲ್ಲಿ ಇವರನ್ನು ‘ವಿಕಲಚೇತನ’ರೆಂದು ಬರೆಯುವರು. ಸದುದ್ದೇಶದಿಂದಲೇ ಹುಟ್ಟಿದ ಪದವಿರಬಹುದು. ಆದರೆ ಬಹುವ್ರೀಹಿಯಾಗಿ ಬಿಡಿಸಿದರೆ ‘ಯಾರ ಚೇತನವು ವಿಕಲವೋ ಅವರು’ ಎಂದಾಗುವುದಲ್ಲವೆ? ಊನವು ಕಾಲಿನಲ್ಲಿರಬಹುದು, ಕಿವಿಯಲ್ಲಿರಬಹುದು, ಮಿದುಳಿನ ಒಂದು ಎಡೆಯಲ್ಲಿರಬಹುದು. ಚೇತನಕ್ಕೆ ಊನವೆಂದು ಯಾವ ಶಾಸ್ತ್ರವು ಹೇಳಿತು? ನಮ್ಮ ಶಿಕ್ಷಕಿಯವರು ಈ ವ್ಯಾಕರಣದ ಗೋಜಿಗೇ ಹೋಗದೆ ಎಲ್ಲ ಮಕ್ಕಳನ್ನೂ ‘ಈಜುಗಾರರು’ ಎನ್ನುವರು. ಒಂದು ಮೊಳವೂ ಈಜಲಾರದವರನ್ನು ಸಹ. ಅದು ಅವರು ಅನುಸರಿಸುವ ಪದ್ಧತಿಯ ನಿಯಮವೇ ಅಂತೆ.

ಪದ್ಧತಿಗೆ ಹ್ಯಾಲಿವಿಕ್ ಎಂದು ಹೆಸರು. ಲಂಡನ್ನಿನಲ್ಲಿ ಅಂಗವೈಕಲ್ಯವುಳ್ಳ ಬಾಲಿಕೆಯರಿಗಾಗಿ ಆ ಹೆಸರಿನ ಶಾಲೆಯೊಂದಿತ್ತು. 1949ರಲ್ಲಿ ಜೇಮ್ಸ್ ಮ್ಯಾಕ್‌ಮಿಲನ್ ಎಂಬವರು ಅಲ್ಲಿಯ ಹುಡುಗಿಯರಿಗೆ ಈಜು ಕಲಿಸಲು ತೊಡಗಿದರು. ಅವರು ವೈದ್ಯರಲ್ಲ, ದ್ರವಗಳ ಚಲನೆಯನ್ನು ಬಲ್ಲ ಇಂಜಿನಿಯರು. ಕಾಲಿಲ್ಲದವರಿಗೆ ಈಜು ಹೇಗೆಂದು ಉಳಿದವರು ದೇಹವನ್ನು ನೋಡಿ ಚಿಂತಿಸುತ್ತಿದ್ದಾಗ ಅವರು ನೀರನ್ನು ನೋಡಿ ಚಿಂತಿಸಿದರು. 1952ರಲ್ಲಿ ಇದಕ್ಕಾಗಿಯೇ ಸಂಘವೊಂದು ಏರ್ಪಟ್ಟು, ಅಲ್ಲಿಂದ ಪದ್ಧತಿಯು ನಾನಾ ದೇಶಗಳಿಗೆ ಹಬ್ಬಿತು.

ಇದರ ತತ್ತ್ವವನ್ನು ನಮಗೆ ತಿಳಿದಷ್ಟು ಹೇಳುವೆವು. ಮನುಷ್ಯದೇಹವು ನೀರಿಗಿಂತ ಸ್ವಲ್ಪವೇ ಹಗುರ. ಉಸಿರು ತುಂಬಿಕೊಂಡು ಸುಮ್ಮನೆ ಮಲಗಿದರೆ ಹೆಚ್ಚುಕಡಮೆ ನೂರರಲ್ಲಿ ಐದು ಪಾಲು ಮಾತ್ರ ನೀರಿನ ಮೇಲೆ ಉಳಿಯುವುದು. ಆ ಐದು ಪಾಲಿನೊಳಗೆ ಮೂಗು ಬಾಯಿಗಳು ಸೇರುವಂತೆ ಮಾಡುವುದೇ ಮೊದಲ ಪಾಠ. ಕೈಬೀಸುವುದು, ಕಾಲುಬಡಿಯುವುದು ಎಲ್ಲ ಆಮೇಲಿನ ಮಾತು. ಭೂಮಿಯು ದೇಹವನ್ನು ಕೆಳಕ್ಕೆ ಸೆಳೆಯುವುದು ಸೊಂಟದ ಬಳಿಯ ಒಂದು ಬಿಂದುವಿನಲ್ಲಿ. ನೀರು ಮೇಲಕ್ಕೆ ಒತ್ತುವುದು ಎದೆಯ ಬಳಿಯ ಇನ್ನೊಂದು ಬಿಂದುವಿನಲ್ಲಿ. ಇವೆರಡೂ ಒಂದೇ ಲಂಬರೇಖೆಯಲ್ಲಿ ನಿಂತರೆ ದೇಹವು ನಿಶ್ಚಲ, ತಪ್ಪಿದರೆ ಉರುಳುವುದು. ಎಡ ಬಲಗಳು ಸಮವಿಲ್ಲದ ದೇಹವು ಒಂದು ಮಗ್ಗುಲಿಗೆ ಉರುಳುವುದು. ಸೊರಗಿದ ಕಾಲುಗಳು ಬೆಂಡಿನಂತೆ ಮೇಲೇಳುವುವು. ತಲೆ ತಿರುಗಿದತ್ತ ಮೈ ತಿರುಗುವುದು, ತಲೆಯೆತ್ತಿದರೆ ಕಾಲು ಇಳಿಯುವುದು. ಹೀಗೆ ಉರುಳುವುದನ್ನು ತಡೆಯುವುದು, ಬೇಕೆಂದಾಗ ಬೇಕಾದತ್ತ ಉರುಳುವುದು: ಇವನ್ನು ಕಲಿತ ಮಗುವು ಮುಖ ಕೆಳಗಾಗಿ ಬಿದ್ದರೂ ತಾನಾಗಿ ಅಂಗಾತನಾಗಿ ಉಸಿರೆಳೆದುಕೊಳ್ಳುವುದು. ಪ್ರಾಣವನ್ನು ಉಳಿಸುವ ವಿದ್ಯೆಯು ಇಷ್ಟೆ.

ಹ್ಯಾಲಿವಿಕ್ ಕ್ರಮದಲ್ಲಿ ತೇಲುವ ಉಪಕರಣಗಳೊಂದೂ ಇಲ್ಲ. ಗಾಳಿ ತುಂಬಿದ ತೋಳಪಟ್ಟಿಯಾಗಲಿ ನಮ್ಮ ಸೋರೆಯ ಬುರುಡೆಯಾಗಲಿ ದೇಹವನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವುವು. ಸಮತೂಕವನ್ನು ಬುರುಡೆಯು ಕಲಿಯುವುದೇ ಹೊರತು ಮಗುವು ಕಲಿಯದು. ಗಟ್ಟಿಮುಟ್ಟಾದ ಹುಡುಗನು ಒಂದು ದಿನ ಬುರುಡೆಯನ್ನು ಬಿಚ್ಚಿ ಎಸೆದು ಹೇಗೋ ಸಂಭಾಳಿಸಿಕೊಳ್ಳುವನು. ಮೈಯ ಅರ್ಧವು ಮಾತು ಕೇಳದ ಮಗುವಿಗೆ ಅದು ಸಾಗದು. ಆದುದರಿಂದ ಇಲ್ಲಿ ಬುರುಡೆಯ ಎಡೆಯಲ್ಲಿ ಮನುಷ್ಯನ ಕೈ. ಒಂದು ಮಗುವಿಗೆ ಒಬ್ಬ ಸಹಾಯಕ. ಒಬ್ಬರಿಗೆ ಇಬ್ಬರು ಮಕ್ಕಳೆಂಬ ಮಾತೇ ಇಲ್ಲ. ಬುರುಡೆಯು ತನ್ನ ಆಸರೆಯನ್ನು ಅಂಗುಲ ಅಂಗುಲವಾಗಿ ಹಿಂತೆಗೆಯಲಾರದು, ಕೈಯು ಹಿಂತೆಗೆಯಬಲ್ಲುದು. ಅಂಗೈಯಿಂದ ಬೆರಳಿಗೆ, ಬೆರಳಿನಿಂದ ಬೆರಳ ತುದಿಗೆ, ತುದಿಯಿಂದ ಬರಿಯ ನೀರಿಗೆ.

ಅಂಥ ಕೈಗಳು ಯಾರವು? ಅಲ್ಲಿಗೆ ಬರುವವರಲ್ಲಿ ಕಾಲೇಜಿನ ಹುಡುಗರು ನಾಲ್ವರು, ಬ್ಯಾಂಕಿನ ಗುಮಾಸ್ತೆಯೊಬ್ಬರು, ನಲವತ್ತು ದಾಟಿದ ಮೇಲೆ ಹಟದಿಂದ ಈಜು ಕಲಿತ ಗೃಹಿಣಿಯೊಬ್ಬರು, ಕಾರು ರಿಪೇರಿಯ ಅಂಗಡಿಯ ಯುವಕನೊಬ್ಬ. ಶಿಕ್ಷಕಿಯವರ ಉದ್ಯೋಗವು ಫಿಸಿಯೋಥೆರಪಿ. ಭಾನುವಾರದ ಈ ಕೆಲಸಕ್ಕೆ ಅವರಿಗೂ ವೇತನವಿಲ್ಲ. ನೀರಿಗಿಳಿಯುವ ಮೊದಲು ಎರಡು ಭಾನುವಾರ ಹೊಸಬರಿಗೆ ದಂಡೆಯ ಮೇಲೆ ಪಾಠ. ನೀರು ನಿಮ್ಮ ಎದೆಯ ಮಟ್ಟಕ್ಕಿರುವಲ್ಲಿ ನಿಲ್ಲಿರಿ. ನಿಮ್ಮ ಮುಖವು ಮಗುವಿನ ಮುಖದ ಮಟ್ಟಕ್ಕೆ ಇಳಿಯಲಿ. ಅಂಗೈಯನ್ನು ಬಿಡಿಸಿ ಕೆಳಗಿನಿಂದ ಆನಿಸಿರಿ. ಹಿಡಿಯಬೇಡಿರಿ, ಹಿಡಿದರೆ ನಿಮ್ಮ ಭಯವು ಮಗುವಿಗೆ ಹೋಗುವುದು. ಮುಟ್ಟುವ ಮೊದಲು ಹೇಳಿರಿ. ಮಾತು ಕಡಮೆಯಿರಲಿ, ಒಂದು ಕೆಲಸಕ್ಕೆ ಒಂದೇ ಪದ, ಪ್ರತಿವಾರವೂ ಅದೇ ಪದ. ಬಟ್ಟೆ ಬದಲಿಸುವ ಕೋಣೆಗೆ ಮಗುವಿನೊಡನೆ ಎಂದಿಗೂ ಒಬ್ಬರೇ ಹೋಗಕೂಡದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಾತನ್ನೇ ಮಾರಿ ಬದುಕಿದ ನಮಗೆ, ಒಂದು ಪಾಠಕ್ಕೆ ಒಂದೇ ಪದವೆಂಬ ವಿಧಿಯು ಎಷ್ಟು ಕಠಿನವಾಗಿತ್ತೆಂದು ವಾಚಕರು ಊಹಿಸಬಹುದು. ಪಂಚೆಯನ್ನು ಕಚ್ಚೆಕಟ್ಟಿ ಹೊಳೆಗಿಳಿದು ಬೆಳೆದವರಿಗೆ ರಬ್ಬರಿನ ಟೋಪಿಯೂ ಬಿಗಿಯಾದ ಚಡ್ಡಿಯೂ ಕಡ್ಡಾಯವೆಂದಾಗ ಆದ ಸಂಕೋಚವನ್ನು ಮಾತ್ರ ಊಹೆಗೂ ಬಿಡುವುದು ಬೇಡ.

ಎಚ್ಚರಿಕೆಗಳು ಬೇರೆ ಇವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರಿಗೆ ಕತ್ತಿನ ಮೇಲಣ ಕೀಲು ಸಡಿಲವಾಗಿರುವುದುಂಟು. ವೈದ್ಯರು ನೋಡಿ ಹೇಳುವವರೆಗೆ ಅವರನ್ನು ತಲೆಮುಂದಾಗಿ ಧುಮುಕಿಸಬಾರದು. ಮೂರ್ಛೆಯ ರೋಗವಿರುವ ಮಗುವಿನ ಮೇಲೆ ನೀರಿನೊಳಗಿನವರ ಕಣ್ಣಲ್ಲದೆ ದಂಡೆಯ ಮೇಲಿನ ಇನ್ನೊಬ್ಬರ ಕಣ್ಣೂ ಇರಬೇಕು. ಗಂಟೆಯ ನಡುವೆ ಮೂರು ಸಲ ತಲೆಗಳನ್ನು ಎಣಿಸುವರು. ಈ ಎಣಿಕೆಯ ಕೆಲಸವನ್ನು ನಮಗೆ ಒಪ್ಪಿಸಿದರು. ಹಾಜರಿ ತೆಗೆದ ಅಭ್ಯಾಸವು ವ್ಯರ್ಥವಾಗಲಿಲ್ಲ.

ಪಾಠವೆಂದರೆ ಆಟ. ಎಲ್ಲರೂ ಕೈಕೈ ಹಿಡಿದು ನೀರಿನಲ್ಲಿ ವೃತ್ತವಾಗಿ ನಡೆಯುತ್ತ ಹಾಡುವರು. ಪಿಂಗ್‌ಪಾಂಗ್ ಚೆಂಡನ್ನು ನೀರಿನ ಮೇಲಿಟ್ಟು ಊದಿ ಊದಿ ಎದುರು ದಂಡೆಗೆ ಮುಟ್ಟಿಸುವರು. ಇದರೊಳಗೆ ಗುಟ್ಟಿದೆ: ತುಟಿಯ ಬಳಿ ನೀರು ಬಂದೊಡನೆ ಉಸಿರನ್ನು ಹೊರಕ್ಕೆ ಬಿಡುವ ಅಭ್ಯಾಸವು ಮಗುವಿಗೆ ತಿಳಿಯದಂತೆಯೇ ಬಂದುಬಿಡುವುದು. ಊದುತ್ತಿರುವ ಬಾಯಿಗೆ ನೀರು ಹೋಗಲಾರದು.

ಪುಟ್ಟಿಗೆ ಮೊದಲ ವರ್ಷ ನಮ್ಮ ಗೃಹಿಣಿ ಸಹಾಯಕರೇ ಜೊತೆ. ನೀರಿಗೆ ಅಂಜದ ಮಗುವಿಗೆ ಕಲಿಸುವುದು ಅಂಜುವ ಮಗುವಿಗೆ ಕಲಿಸುವುದಕ್ಕಿಂತ ಕಷ್ಟವೆಂದು ಶಿಕ್ಷಕಿಯವರು ಮೊದಲೇ ಹೇಳಿದ್ದರು. ಅಂಜುವವನು ಕೈಯನ್ನು ಬಿಡನು, ಇವಳು ಹಿಡಿಯಳು. ಕೊಳವನ್ನು ಕಂಡೊಡನೆ ಓಡಿ ಧುಮುಕಿಬಿಡುವುದೇ ಇವಳ ಕ್ರಮ. ಆದುದರಿಂದ ನಾಲ್ಕು ವಾರ ನೀರಿನ ಪಾಠವೇ ಇಲ್ಲ. ದಂಡೆಯ ಮೇಲೆ ಕುಳಿತುಕೊಳ್ಳುವುದು, ‘ಬಾ’ ಎಂಬ ಮಾತಿಗೆ ಕಾಯುವುದು, ಬಂದ ಮೇಲೆ ಇಳಿಯುವುದು. ಇಷ್ಟನ್ನೇ ಒಂದು ಭಾನುವಾರದಲ್ಲಿ ಇಪ್ಪತ್ತು ಸಲ ಮಾಡಿಸಿದರು. ತಾಯಿಗೆ ತಾಳ್ಮೆ ಕೆಟ್ಟಿತು. ರೈಲಿನ ದುಡ್ಡು ಕೊಟ್ಟು ಬಂದು ಕುಳಿತುಕೊಳ್ಳುವುದನ್ನು ಕಲಿಸಬೇಕೆ ಎಂದು ಹಿಂತಿರುಗುವಾಗ ನಮ್ಮೊಡನೆ ಹೇಳಿಕೊಂಡಳು. ಐದನೆಯ ವಾರ, ಓಡಿಬಂದ ಪುಟ್ಟಿಯು ದಂಡೆಯಲ್ಲಿ ತಾನಾಗಿ ನಿಂತು ಸಹಾಯಕಳ ಮುಖವನ್ನು ನೋಡಿದಳು. ಕಾಯುವುದಕ್ಕಾಗಿ ನಿಂತುದು ಅವಳ ಆಯುಷ್ಯದಲ್ಲಿ ಅದೇ ಮೊದಲೆಂದು ತಾಯಿಯು ಹೇಳಿದಳು.

ಎರಡನೆಯ ಬೇಸಗೆಯ ಒಂದು ಬೆಳಗ್ಗೆ ನಾವು ಕಂಡುದನ್ನು ಇಲ್ಲಿ ಬರೆಯಬೇಕು. ಮಗುವು ಅಂಗಾತ ಮಲಗಿರುವಾಗ ಸಹಾಯಕರು ತಲೆಯ ಕಡೆ ನಿಂತು, ಅದರ ಭುಜಗಳ ಕೆಳಗೆ ಕೈಗಳಿಂದ ನೀರನ್ನು ಕದಡುತ್ತ ಹಿಂದು ಹಿಂದಕ್ಕೆ ನಡೆಯುವರು. ಕದಡಿದ ನೀರಿನ ಸೆಳೆತಕ್ಕೆ ಮಗುವಿನ ದೇಹವು, ಯಾರೂ ಮುಟ್ಟದೆಯೇ, ಅವರ ಹಿಂದೆ ತೇಲಿಕೊಂಡು ಬರುವುದು. ಇಂಜಿನಿಯರು ಕಂಡುಕೊಂಡ ಉಪಾಯಗಳಲ್ಲಿ ಇದು ನಮಗೆ ಬಹು ಸುಂದರವಾಗಿ ತೋರಿದೆ. ಆ ದಿನ ಪುಟ್ಟಿಯು ಹೀಗೆ ಕೊಳದ ಅಡ್ಡಗಲಕ್ಕೂ ಬಂದಳು. ಕಿವಿಗಳು ನೀರೊಳಗಿದ್ದುದರಿಂದ ರಸ್ತೆಯ ಹಾರನ್ನು ಅವಳಿಗೆ ಕೇಳಿಸುತ್ತಿರಲಿಲ್ಲ. ಎಂದೂ ಒಂದೆಡೆ ನಿಲ್ಲದ ಬೆರಳುಗಳು ಬಿಡಿಸಿಕೊಂಡು ಸುಮ್ಮನಿದ್ದುವು. ಕಣ್ಣು ತೆರೆದಿತ್ತು. ದಂಡೆಯಲ್ಲಿ ಕುಳಿತಿದ್ದ ತಾಯಿಯು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆಯು ಬರುವುದು. ಎಂಟು ಎಡೆಗಳಲ್ಲಿ ವಕ್ರನಾಗಿ ಹುಟ್ಟಿದ ಆ ಬಾಲಕನು ಜನಕನ ಆಸ್ಥಾನದಲ್ಲಿ ಬಂದಿಯೆಂಬ ಪಂಡಿತನನ್ನು ವಾದದಲ್ಲಿ ಗೆದ್ದು, ಹಿಂದೆ ಸೋತು ನೀರಿಗೆ ನೂಕಲ್ಪಟ್ಟಿದ್ದ ತನ್ನ ತಂದೆ ಕಹೋಡನನ್ನು ಮರಳಿ ಪಡೆದನು. ಆಗ ತಂದೆಯು, ಸಮಂಗಾ ನದಿಯಲ್ಲಿ ಇಳಿದು ಬಾ ಎಂದನು, ಮಗನು ಇಳಿದನು, ಅವಯವಗಳೆಲ್ಲ ನೆಟ್ಟಗಾದುವು. ಹಲವು ವರ್ಷ ಈ ಕಥೆಯನ್ನು ತರಗತಿಯಲ್ಲಿ ಹೇಳಿದ್ದೇವೆ. ಮಕ್ಕಳಿಗೆ ಕೊನೆಯ ಭಾಗವೇ ಪ್ರಿಯ. ಕೊಳದಲ್ಲಿ ನಿಂತು ನೋಡಿದ ಮೇಲೆ ನಮಗೆ ಮೊದಲ ಭಾಗವೇ ಹೆಚ್ಚೆಂದು ತೋರುತ್ತಿದೆ: ಬಂದಿಯನ್ನು ಗೆದ್ದಾಗ ಆತನು ವಕ್ರನಾಗಿಯೇ ಇದ್ದನು. ಸ್ನಾನಘಟ್ಟದ ತಾಯಂದಿರು ಬಯಸುವುದು ಸಮಂಗೆಯ ನೀರನ್ನು. ಮೈಸೂರಿನ ಕೊಳದ ನೀರಿಗೆ ಆ ಗುಣವಿಲ್ಲ, ಇದೆಯೆಂದು ಅಲ್ಲಿ ಯಾರೂ ಹೇಳುವುದೂ ಇಲ್ಲ. ಸೆರೆಬ್ರಲ್ ಪಾಲ್ಸಿಯಿಂದ ಕಾಲುಗಳು ಕತ್ತರಿಯಂತೆ ಹೆಣೆದುಕೊಂಡಿರುವ ಹನ್ನೆರಡರ ಹುಡುಗನೊಬ್ಬನು ಬರುವನು. ನೀರಿನಲ್ಲಿರುವಷ್ಟು ಹೊತ್ತು ಕಾಲುಗಳ ಬಿಗಿತವು ಸ್ವಲ್ಪ ಸಡಿಲುವುದು. ಮೇಲೆ ಬಂದೊಡನೆ ಮತ್ತೆ ಮೊದಲಿನಂತೆ. ಆದರೆ ಆ ಒಂದು ಗಂಟೆಯಲ್ಲಿ ಅವನನ್ನು ಎತ್ತಿಕೊಳ್ಳುವವರು ಯಾರೂ ಬೇಕಿಲ್ಲ. ‘ತಾತ, ಬಿಡಿ, ನಾನೇ ಬರ್ತೀನಿ’ ಎಂದು ಒಮ್ಮೆ ನಮ್ಮ ಕೈಯನ್ನು ತಳ್ಳಿದನು. ದಡದ ಮೇಲೆ ಅವನು ಹಾಗೆ ಹೇಳುವ ಸಂದರ್ಭವೇ ಬರುವುದಿಲ್ಲ.

ಈ ದಾರಿಯಲ್ಲಿ ಬಹುದೂರ ಹೋದವರೂ ನಮ್ಮ ನಾಡಿನಲ್ಲಿ ಇದ್ದಾರೆ. ಬೆಂಗಳೂರಿನ ಶರತ್ ಗಾಯಕವಾಡರು ಊನವಾದ ಎಡಗೈಯೊಡನೆ 2012ರ ಲಂಡನ್ ಪ್ಯಾರಾಲಿಂಪಿಕ್ಸಿಗೆ ಹೋಗಿ ಈಜಿ, 2014ರಲ್ಲಿ ಇಂಚಿಯಾನಿನ ಏಷ್ಯನ್ ಪ್ಯಾರಾ ಕ್ರೀಡೆಗಳಲ್ಲಿ ಆರು ಪದಕಗಳನ್ನು ಗಳಿಸಿದರು. ಬೆನ್ನುಹುರಿಯ ಊನದೊಡನೆ ಹುಟ್ಟಿದ ನಿರಂಜನ ಮುಕುಂದನ್ ಅವರು 2021ರಲ್ಲಿ ಟೋಕಿಯೋದಲ್ಲಿ ಈಜಿದರು. ಇವರ ಚಿತ್ರಗಳನ್ನು ಕೊಳದ ಗೋಡೆಗೆ ಅಂಟಿಸಿದ್ದಾರೆ. ಹುಡುಗರು ನೋಡಿ ಹಿಗ್ಗುವರು. ಪುಟ್ಟಿಯ ತಾಯಿಯು ಆ ಕಡೆ ನೋಡುವುದಿಲ್ಲ. ಆಕೆಗೆ ಪದಕವು ಬೇಡ. ಕಪಿಲೆಯಿಂದ ಮಗಳು ಮೇಲೆ ಬಂದರೆ ಸಾಕು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದಲ್ಲ. ಎರಡನೆಯ ವರ್ಷದ ಏಪ್ರಿಲಿನಲ್ಲಿ ಕೊಳದ ಸದಸ್ಯರು ಕೆಲವರು ಸಹಿಹಾಕಿ ದೂರು ಕೊಟ್ಟರು. ಈ ಮಕ್ಕಳು ಕೂಗುವರು, ನೀರು ಕೆಡುವುದು, ತಮ್ಮ ಮಕ್ಕಳು ನೋಡಿ ಹೆದರುವರು ಎಂಬಿವು ಕಾರಣಗಳು. ವ್ಯವಸ್ಥಾಪಕರು ಪಾಠವನ್ನು ಮಧ್ಯಾಹ್ನ ಎರಡು ಗಂಟೆಗೆ ಸರಿಸಬಹುದೆಂದರು. ಮೇ ತಿಂಗಳ ಎರಡು ಗಂಟೆ! ಶಿಕ್ಷಕಿಯವರು ವಾದಿಸಲಿಲ್ಲ. ಪ್ರತಿವಾರವೂ ನೀರನ್ನು ಪರೀಕ್ಷಿಸಿದ ಲೆಕ್ಕದ ಪುಸ್ತಕವನ್ನು ಮೇಜಿನ ಮೇಲಿಟ್ಟು, ಸಹಿ ಹಾಕಿದವರು ಒಂದೊಂದು ಭಾನುವಾರ ಬಂದು ಒಂದೊಂದು ಮಗುವಿಗೆ ಕೈಕೊಡಬೇಕೆಂದು ಕೇಳಿಕೊಂಡರು. ಇಬ್ಬರು ಬಂದರು. ಅವರಲ್ಲಿ ಒಬ್ಬರು ಈಗಲೂ ಬರುತ್ತಿರುವರು; ಕಾಲು ಹೆಣೆದುಕೊಂಡ ಹುಡುಗನಿಗೆ ಅವರೇ ಜೊತೆ. ಉಳಿದವರು ಹತ್ತು ಗಂಟೆಯ ಮೊದಲೇ ಈಜಿ ಹೊರಟುಹೋಗುವರು. ಸಮಯವು ಹತ್ತರಿಂದ ಹನ್ನೊಂದೇ ಉಳಿದಿದೆ, ಆದರೆ ವರ್ಷಕ್ಕೊಮ್ಮೆ ಹೊಸದಾಗಿ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕು.

ಕಳೆದ ಮೇ ತಿಂಗಳ ಕೊನೆಯ ಭಾನುವಾರ ಪುಟ್ಟಿಗೆ ಪರೀಕ್ಷೆಯಾಯಿತು. ಉಟ್ಟ ಲಂಗ ಕುಪ್ಪಸಗಳಲ್ಲಿಯೇ ಅವಳನ್ನು ದಂಡೆಯಿಂದ ನೀರಿಗೆ ಬೀಳಿಸಿದರು. ಹೊಳೆಗೆ ಬೀಳುವವರು ಈಜುಡುಗೆ ತೊಟ್ಟು ಬೀಳುವುದಿಲ್ಲವಷ್ಟೆ. ಮುಳುಗಿದಳು; ಎದ್ದಳು; ತಲೆಯನ್ನು ಹೊರಳಿಸಿ ಅಂಗಾತನಾದಳು; ಬಾಯಿಯ ನೀರನ್ನು ಊದಿದಳು. ನಾವು ಎಣಿಸುತ್ತಿದ್ದೆವು. ನಲವತ್ತರವರೆಗೆ ತೇಲಿ, ಆಮೇಲೆ ಕಾಲಾಡಿಸುತ್ತ ಏಣಿಯನ್ನು ಮುಟ್ಟಿದಳು. ‘ನೀರು’ ಎಂದಳು. ತಾಯಿಯು ಸಂತೋಷದಿಂದ, ಇನ್ನು ಆ ಮೇಲಿನ ಚಿಲಕವನ್ನು ತೆಗೆಸಬಹುದೆ ಎಂದು ಕೇಳಿದಳು. ಶಿಕ್ಷಕಿಯವರು ಒಡನೆ ತಡೆದು, ‘ಬೇಡಮ್ಮ. ಕೊಳದ ನೀರು ನಿಂತ ನೀರು. ಹೊಳೆಗೆ ಸೆಳವಿದೆ, ಸುಳಿಯಿದೆ. ಚಿಲಕ ಇರಲಿ’ ಎಂದರು. ಚಿಲಕವಿದೆ. ನಲವತ್ತರ ಎಣಿಕೆಯಷ್ಟು ಕಾಲದಲ್ಲಿ ಹೂವಿನವಳು ಮೆಟ್ಟಿಲಿಳಿದು ಬರಬಲ್ಲಳೆಂದು ನಾವು ಸ್ನಾನಘಟ್ಟದಲ್ಲಿ ನಿಂತು ಲೆಕ್ಕ ಹಾಕಿ ನೋಡಿದ್ದೇವೆ.

ಈ ವರ್ಷದ ಅರ್ಜಿಗೆ ಒಪ್ಪಿಗೆಯು ಬಂದಿದೆ. ಪಟ್ಟಿಯಲ್ಲಿ ಹದಿಮೂರು ಮಕ್ಕಳ ಹೆಸರಿದೆ. ಸಹಾಯಕರು ನಾವೂ ಸೇರಿ ಒಂಬತ್ತು ಮಂದಿ. ಒಬ್ಬರಿಗೆ ಒಬ್ಬರೆಂಬ ನಿಯಮವನ್ನು ಶಿಕ್ಷಕಿಯವರು ಸಡಿಲಿಸುವುದಿಲ್ಲ. ಆದುದರಿಂದ ಅರ್ಧ ಗಂಟೆಯಾದ ಮೇಲೆ ಪಾಳಿ ಬದಲಾಗುವವರೆಗೆ, ಮಕ್ಕಳು ನಾಲ್ವರು ಟೋಪಿ ಹಾಕಿಕೊಂಡು ದಂಡೆಯ ಮೇಲೆ ಸಾಲಾಗಿ ಕುಳಿತು, ನೀರಿನಲ್ಲಿ ಕಾಲಾಡಿಸುತ್ತಿರುವರು.